ಕೊಡದೇ ಇದ್ದ ಔಷಧಿಗೂ ಬಗ್ಗದ ಕೆಚ್ಚಲು ಬಾವು: ಬ್ಯಾಕ್ಟೀರಿಯಾಗಳ ‘ಫೈಲ್ ಶೇರಿಂಗ್’ ಕಥೆ



ಕಳೆದ ತಿಂಗಳು ಒಂದು ದಿನ ಬೆಳಗ್ಗೆ ಆರು ಗಂಟೆಗೇ ಫೋನಿಗೆ ವಾಯ್ಸ್ ಮೆಸೇಜ್ ಬಂತು. ಕೋಲಾರದ ಕಡೆಯ ಹುಡುಗ. ಡಿಪ್ಲೊಮಾ ಮುಗಿಸಿ ಎರಡು ವರ್ಷ ಬೆಂಗಳೂರಲ್ಲಿ ದುಡಿದು, ಈಗ ಊರಿಗೆ ವಾಪಸ್ ಬಂದು ನಾಲ್ಕು ಮಿಶ್ರತಳಿ ಹಸು ಕಟ್ಟಿದ್ದಾನೆ. ಒಂದು ಮನೆಯಲ್ಲೇ ಹುಟ್ಟಿದ್ದು, ಮೂರು ಸಾಲದಲ್ಲಿ ತಂದದ್ದು.

“ಸಾರ್, ಮನೇಲಿ ಹುಟ್ಟಿದ ದೊಡ್ಡ ಹಸೂಗೆ ಕೆಚ್ಚಲು ಬಾವು ಬಂದು ಹತ್ತು ದಿನ ಆಯ್ತು. ಎರಡು ಥರ ಇಂಜೆಕ್ಷನ್ ಆಯ್ತು. ಹಿಂದಿನ ಎಡಗಡೆ ತೊಟ್ಟು ಕಲ್ಲಾಗಿದೆ. ಹಾಲು ನೀರ್ ನೀರಾಗಿ, ಗಡ್ಡೆ ಗಡ್ಡೆಯಾಗಿ ಬರ್ತಿದೆ. ಹದಿನಾಲ್ಕು ಲೀಟರ್ ಕೊಡ್ತಿದ್ದ ಹಸು ಸಾರ್, ಐದಕ್ಕೆ ಇಳಿದಿದೆ.”

ನಾನು ಪಶುವೈದ್ಯ. ಇಂಥ ಮೆಸೇಜ್ ವಾರಕ್ಕೆ ಮೂರಾದರೂ ಬರುತ್ತವೆ. ಹೋಗಿ ನೋಡಿದೆ. ಮೊದಲು ಒಂದು ಇಂಜೆಕ್ಷನ್ ಎರಡು ದಿನ ಹಾಕಿಸಿದ್ದ. ಊತ ಸ್ವಲ್ಪ ಇಳಿಯಿತು ಅಂತ ನಿಲ್ಲಿಸಿದ್ದ. ಮತ್ತೆ ಜಾಸ್ತಿ ಆದಾಗ ಮೆಡಿಕಲ್ ಅಂಗಡಿಯಲ್ಲಿ ಕೇಳಿ ಇನ್ನೊಂದು ತಂದಿದ್ದ. ಹೊಸ ಔಷಧಿ ಬರೆಯುವ ಬದಲು ಹಾಲಿನ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಿದೆ.

ಮೂರು ದಿನಕ್ಕೆ ರಿಪೋರ್ಟ್ ಬಂತು. ರೋಗ ತಂದಿದ್ದು ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ. ಇಂಥ ರಿಪೋರ್ಟಿನಲ್ಲಿ ಪ್ರತಿ ಔಷಧಿಯ ಮುಂದೆ ಒಂದು ಅಕ್ಷರ ಇರುತ್ತದೆ. ಎಸ್ ಅಂದರೆ ಔಷಧಿ ಕೆಲಸ ಮಾಡುತ್ತದೆ, ಐ ಅಂದರೆ ಅನುಮಾನ, ಆರ್ ಅಂದರೆ ಕೆಲಸ ಮಾಡುವುದಿಲ್ಲ. ಈ ರಿಪೋರ್ಟಿನಲ್ಲಿ ಮೇಲಿಂದ ಕೆಳಗೆ ಆರ್, ಆರ್, ಆರ್.

ಹುಡುಗ ರಿಪೋರ್ಟನ್ನ ಫೋನಲ್ಲಿ ದೊಡ್ಡದು ಮಾಡಿ ನೋಡಿದ. ಆಮೇಲೆ ಕೇಳಿದ: “ಸಾರ್, ನಾನು ಅರ್ಧಂಬರ್ಧ ಕೊಟ್ಟ ಎರಡು ಔಷಧಿಗೆ ಆರ್ ಬಂದ್ರೆ ಒಪ್ಕೋತೀನಿ, ನನ್ನದೇ ತಪ್ಪು. ಆದ್ರೆ ಟೆಟ್ರಾಸೈಕ್ಲಿನ್, ಸಲ್ಫಾ, ಸ್ಟ್ರೆಪ್ಟೊಮೈಸಿನ್... ಇವನ್ನ ಈ ಹಸು ಹುಟ್ಟಿದಾಗಿಂದ ಕಂಡೇ ಇಲ್ಲ. ಕಾಣದೇ ಇರೋ ಔಷಧಿಗೆ ಆ ಬ್ಯಾಕ್ಟೀರಿಯಾ ಹೆಂಗೆ ರೆಡಿ ಆಗಿತ್ತು?”

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನ ನನಗೆ ಕೇಳಿದವರು ಕಮ್ಮಿ. ಈ ವಾರದ ಪಾಠ ಅವನಿಗೆ ಕೊಟ್ಟ ಉತ್ತರ, ಸ್ವಲ್ಪ ವಿಸ್ತಾರವಾಗಿ.

ನಮಗೆ ಗೊತ್ತಿರುವುದು ಅರ್ಧ ಕಥೆ

ಒಂದೇ ಕೀಟನಾಶಕ ಪದೇ ಪದೇ ಹೊಡೆದರೆ ಹುಳು ಬಗ್ಗುವುದಿಲ್ಲ ಅಂತ ನಿಮಗೆಲ್ಲ ಗೊತ್ತು. ಸಾವಿರ ಹುಳುವಿನಲ್ಲಿ ಹೇಗೋ ತಡೆದುಕೊಂಡ ನಾಲ್ಕು ಉಳಿಯುತ್ತವೆ, ಅವುಗಳ ಸಂತಾನವೇ ಹೊಲ ತುಂಬುತ್ತದೆ. ಬ್ಯಾಕ್ಟೀರಿಯಾದಲ್ಲೂ ಹೀಗೇ ಆಗುತ್ತದೆ, ಇನ್ನೂ ಬೇಗ. ಆಹಾರ, ಶಾಖ ಎಲ್ಲ ಸರಿಯಾಗಿದ್ದರೆ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಈ ದಾರಿಯಲ್ಲಿ ಗುಣ ತಾಯಿಯಿಂದ ಮಗಳಿಗೆ, ಮೇಲಿಂದ ಕೆಳಕ್ಕೆ ಹೋಗುತ್ತದೆ.

ಇನ್ನರ್ಧ ಕಥೆ ಬೇರೆ. ಬ್ಯಾಕ್ಟೀರಿಯಾಗಳು ಪಕ್ಕದವರಿಗೂ ಗುಣ ಹಂಚುತ್ತವೆ. ಪಕ್ಕದವರು ಸ್ವಂತ ಜಾತಿಯವರೇ ಆಗಿರಬೇಕೆಂದೇನೂ ಇಲ್ಲ. ಹಸುವಿನ ಕರುಳಲ್ಲಿ ತೆಪ್ಪಗೆ ಬದುಕುವ ಒಂದು ಸಾಧು ಬ್ಯಾಕ್ಟೀರಿಯಾ, ರೋಗ ತರುವ ಇನ್ನೊಂದು ಜಾತಿಗೆ ಔಷಧಿ ತಡೆಯುವ ಗುಣವನ್ನ ದಾಟಿಸಬಲ್ಲದು. ಹಾಗೆ ದಾಟುವ ಡಿಎನ್‌ಎ ತುಂಡುಗಳನ್ನ ವಿಜ್ಞಾನಿಗಳು ‘ಚಲಿಸುವ ಆನುವಂಶಿಕ ಘಟಕಗಳು’ ಅನ್ನುತ್ತಾರೆ. ಹೆಸರು ಭಾರ, ವಿಷಯ ಸುಲಭ. ಫೋನ್ ಬಳಸುವವರಿಗಂತೂ ಇನ್ನೂ ಸುಲಭ.

ಪ್ಲಾಸ್ಮಿಡ್, ಹಾರುವ ಜೀನ್, ಇಂಟಿಗ್ರಾನ್

ನಿಮ್ಮ ಫೋನಿನಲ್ಲಿ ಒಳಗಿನ ಮೆಮೊರಿ ಒಂದು, ಮೆಮೊರಿ ಕಾರ್ಡ್ ಇನ್ನೊಂದು. ಬ್ಯಾಕ್ಟೀರಿಯಾದಲ್ಲೂ ಒಂದು ದೊಡ್ಡ ಮುಖ್ಯ ಡಿಎನ್‌ಎ ಇರುತ್ತದೆ, ಬದುಕಲು ಬೇಕಾದ್ದೆಲ್ಲ ಅದರಲ್ಲಿ. ಅದರ ಜೊತೆಗೆ ಅನೇಕ ಬ್ಯಾಕ್ಟೀರಿಯಾಗಳಲ್ಲಿ ಬಳೆಯಂಥ ಸಣ್ಣ ಡಿಎನ್‌ಎ ಉಂಗುರಗಳಿರುತ್ತವೆ. ಇದೇ ಪ್ಲಾಸ್ಮಿಡ್, ಅವುಗಳ ಮೆಮೊರಿ ಕಾರ್ಡ್. ಔಷಧಿ ತಡೆಯುವ ಜೀನ್‌ಗಳು ಹೆಚ್ಚಾಗಿ ಇಲ್ಲಿ ಕೂತಿರುತ್ತವೆ.

ಎರಡು ಬ್ಯಾಕ್ಟೀರಿಯಾ ಅಕ್ಕಪಕ್ಕ ಬಂದಾಗ ಒಂದು ಇನ್ನೊಂದಕ್ಕೆ ಕೊಳವೆಯಂಥ ಎಳೆ ಚಾಚಿ ಅಂಟಿಕೊಂಡು, ಪ್ಲಾಸ್ಮಿಡ್ಡಿನ ನಕಲನ್ನ ದಾಟಿಸುತ್ತದೆ. ಗಮನಿಸಿ, ದಾಟುವುದು ನಕಲು. ಬ್ಲೂಟೂತ್‌ನಲ್ಲಿ ಹಾಡು ಕಳಿಸಿದರೆ ನಿಮ್ಮ ಫೋನಿನ ಹಾಡು ಹೋಗಿಬಿಡುತ್ತದಾ? ಇಲ್ಲ, ಇಬ್ಬರ ಹತ್ತಿರವೂ ಇರುತ್ತದೆ. ಪಡೆದವನೂ ಮುಂದಿನವನಿಗೆ ಕಳಿಸಬಲ್ಲ. ವಾಟ್ಸಾಪ್ ಗ್ರೂಪಿನ ಫಾರ್ವರ್ಡ್ ಥರ ಹಬ್ಬುತ್ತದೆ.

ಎರಡನೆಯದು ಟ್ರಾನ್ಸ್‌ಪೋಸಾನ್, ಅಂದರೆ ಹಾರುವ ಜೀನ್. ಇದು ಡಿಎನ್‌ಎಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುವ ತುಂಡು, ನಮ್ಮ ಕಟ್-ಪೇಸ್ಟ್ ಇದ್ದ ಹಾಗೆ. ಮುಖ್ಯ ಡಿಎನ್‌ಎಯಲ್ಲಿದ್ದ ಜೀನ್ ಹೀಗೆ ಜಿಗಿದು ಪ್ಲಾಸ್ಮಿಡ್ ಮೇಲೆ ಕೂತರೆ ಊರು ಸುತ್ತಲು ಹೊರಟಿತು ಅಂತಲೇ ಲೆಕ್ಕ. ಹಾರುವ ಜೀನ್ ಮೊದಲು ಗೊತ್ತಾಗಿದ್ದು ನಮ್ಮ ಮುಸುಕಿನ ಜೋಳದಲ್ಲಿ. ತೆನೆಯ ಕಾಳುಗಳಲ್ಲಿ ಬಣ್ಣದ ಚುಕ್ಕೆಗಳು ಯಾಕೆ ಬರುತ್ತವೆ ಅಂತ ಹುಡುಕುತ್ತಾ ಅಮೆರಿಕದ ಬಾರ್ಬರಾ ಮೆಕ್‌ಕ್ಲಿಂಟಾಕ್ ಇದನ್ನ ಕಂಡರು. ಬಹಳ ಕಾಲ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1983ರಲ್ಲಿ ನೊಬೆಲ್ ಬಂತು.

ಮೂರನೆಯದು ಇಂಟಿಗ್ರಾನ್. ಇದು ಫೋಲ್ಡರ್ ಇದ್ದ ಹಾಗೆ. ಬೇರೆ ಬೇರೆ ಔಷಧಿ ತಡೆಯುವ ಜೀನ್‌ಗಳನ್ನ ಒಂದರ ಹಿಂದೆ ಒಂದು ಸಾಲಾಗಿ ಸೇರಿಸಿ ಇಟ್ಟುಕೊಳ್ಳುತ್ತದೆ. ಈ ಫೋಲ್ಡರ್ ಹಾರುವ ಜೀನ್ ಒಳಗೆ, ಹಾರುವ ಜೀನ್ ಪ್ಲಾಸ್ಮಿಡ್ ಒಳಗೆ, ಪ್ಲಾಸ್ಮಿಡ್ ಬ್ಯಾಕ್ಟೀರಿಯಾ ಒಳಗೆ. ಡಬ್ಬಿಯೊಳಗೆ ಡಬ್ಬಿ. ದಾಟುವಾಗ ಪೂರ್ತಿ ಕಟ್ಟು ದಾಟುತ್ತದೆ.

ಇವಲ್ಲದೆ ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್‌ಗಳೂ ಒಮ್ಮೊಮ್ಮೆ ಒಂದರ ಜೀನನ್ನ ಇನ್ನೊಂದಕ್ಕೆ ಹೊತ್ತೊಯ್ಯುತ್ತವೆ. ಸತ್ತು ಒಡೆದ ಬ್ಯಾಕ್ಟೀರಿಯಾದ ಡಿಎನ್‌ಎಯನ್ನ ಕೆಲವು ಜಾತಿಗಳು ಸುತ್ತಲಿಂದ ನೇರವಾಗಿ ಎಳೆದುಕೊಳ್ಳುವುದೂ ಉಂಟು.

ಜಪಾನಿನಲ್ಲಿ ಸಿಕ್ಕ ಸುಳಿವು

ಇದು ಮೊದಲು ಗೊತ್ತಾಗಿದ್ದು 1950ರ ದಶಕದ ಜಪಾನಿನಲ್ಲಿ. ಅಲ್ಲಿ ಶಿಗೆಲ್ಲಾ ಅನ್ನುವ ಬ್ಯಾಕ್ಟೀರಿಯಾದಿಂದ ಆಮಶಂಕೆ ಭೇದಿ ಹಬ್ಬುತ್ತಿತ್ತು. ಸಲ್ಫಾ, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಮ್‌ಫೆನಿಕಾಲ್ ನಾಲ್ಕಕ್ಕೂ ಒಟ್ಟಿಗೆ ಬಗ್ಗದ ಶಿಗೆಲ್ಲಾ ಕಾಣಿಸಿಕೊಳ್ಳತೊಡಗಿತು. ಒಂದೊಂದೇ ಔಷಧಿಗೆ ಒಂದೊಂದಾಗಿ ಬದಲಾಗಿದ್ದರೆ ನಾಲ್ಕೂ ಕೂಡಿ ಬರಲು ಬಹಳ ಕಾಲ ಬೇಕಿತ್ತು. ಅದೇ ರೋಗಿಗಳ ಕರುಳಿನ ಇ. ಕೋಲಿಯಲ್ಲೂ ಅದೇ ನಾಲ್ಕು ಔಷಧಿಗಳ ನಿರೋಧಕ ಗುಣ ಇತ್ತು. 1959ರಲ್ಲಿ ಅಕಿಬಾ ಮತ್ತು ಒಚಿಯಾಯಿ ಎಂಬ ವಿಜ್ಞಾನಿಗಳ ತಂಡಗಳು ಎರಡನ್ನೂ ಒಂದೇ ಪಾತ್ರೆಯಲ್ಲಿ ಬೆಳೆಸಿ ತೋರಿಸಿದವು: ಗುಣ ಇ. ಕೋಲಿಯಿಂದ ಶಿಗೆಲ್ಲಾಗೆ ದಾಟುತ್ತಿತ್ತು, ನಾಲ್ಕೂ ಒಟ್ಟಿಗೆ.

ನಮ್ಮ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಅವನ ಹಸುವಿನ ಬ್ಯಾಕ್ಟೀರಿಯಾ ಟೆಟ್ರಾಸೈಕ್ಲಿನ್ ಕಂಡಿರಬೇಕಾಗಿಲ್ಲ. ಕಂಡ ಯಾರೋ ಕಟ್ಟು ಕಟ್ಟಿ ದಾಟಿಸಿದರೆ ಸಾಕು.

ಒಂದನ್ನ ಕೊಟ್ಟರೆ ಐದೂ ಉಳಿಯುತ್ತವೆ

ಇನ್ನರ್ಧ ಉತ್ತರ ನಮ್ಮ ಕೈಯಲ್ಲೇ ಇದೆ. ಪ್ಲಾಸ್ಮಿಡ್ ಹೊತ್ತು ತಿರುಗುವುದು ಬ್ಯಾಕ್ಟೀರಿಯಾಗೆ ಭಾರವೇ. ಔಷಧಿ ಇಲ್ಲದ ಜಾಗದಲ್ಲಿ ಭಾರ ಇಲ್ಲದವು ಓಟದಲ್ಲಿ ಮುಂದೆ ಹೋಗುವುದೇ ಹೆಚ್ಚು. ಆದರೆ ನಾವು ಯಾವುದಾದರೂ ಒಂದು ಆ್ಯಂಟಿಬಯೋಟಿಕ್ ಕೊಟ್ಟ ತಕ್ಷಣ ಕಟ್ಟು ಇದ್ದವು ಮಾತ್ರ ಉಳಿಯುತ್ತವೆ. ಕಟ್ಟಿನಲ್ಲಿ ಐದು ಔಷಧಿಗಳ ಜೀನ್ ಇದ್ದರೆ, ಒಂದು ಔಷಧಿ ಕೊಟ್ಟು ನಾವು ಐದನ್ನೂ ಸಾಕಿದ ಹಾಗಾಯಿತು.

ಇದನ್ನ ಒಂದು ಕೋಳಿ ಫಾರಂನಲ್ಲೇ ನೋಡಿದ್ದಾರೆ. ಅಮೆರಿಕದ ಬಾಸ್ಟನ್ ಹತ್ತಿರ ಸ್ಟುವರ್ಟ್ ಲೆವಿ ಎಂಬ ವೈದ್ಯರು ಕೋಳಿಗಳಿಗೆ ಟೆಟ್ರಾಸೈಕ್ಲಿನ್ ಗುಂಪಿನ ಔಷಧಿ ಬೆರೆಸಿದ ಆಹಾರ ಕೊಟ್ಟು ಪರೀಕ್ಷೆ ಮಾಡಿದರು. ಫಲಿತಾಂಶ 1976ರಲ್ಲಿ ಪ್ರಕಟವಾಯಿತು. ಒಂದೇ ವಾರದಲ್ಲಿ ಆ ಕೋಳಿಗಳ ಕರುಳಿನ ಬ್ಯಾಕ್ಟೀರಿಯಾ ಹೆಚ್ಚುಕಮ್ಮಿ ಎಲ್ಲವೂ ಟೆಟ್ರಾಸೈಕ್ಲಿನ್‌ಗೆ ಬಗ್ಗದವಾದವು. ಕೆಲವು ತಿಂಗಳಲ್ಲಿ ಫಾರಂ ಮನೆಯವರ ಕರುಳಿನಲ್ಲೂ ಅಂಥವು ಹೆಚ್ಚಾದವು. ಅವರ ನೆರೆಮನೆಯವರಲ್ಲಿ ಹಾಗಾಗಲಿಲ್ಲ. ಕೊಟ್ಟಿದ್ದು ಒಂದೇ ಗುಂಪಿನ ಔಷಧಿ, ಆದರೂ ಹಲವು ಔಷಧಿಗಳಿಗೆ ಒಟ್ಟಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಬಂದವು. ಮನೆಯವರು ಆ ಔಷಧಿ ನುಂಗಿರಲಿಲ್ಲ, ಕೋಳಿ ಸಾಕಿದ್ದರು ಅಷ್ಟೇ.

ಇದನ್ನ ಹೇಳಿದಾಗ ಹುಡುಗ ಸುಮ್ಮನಾದ. ಅವನ ಅಜ್ಜಿ ಕೊಟ್ಟಿಗೆ ಬಾಗಿಲಲ್ಲೇ ಕೂತು ಕರುವಿಗೆ ಬಕೆಟ್ಟಿನಲ್ಲಿ ಹಾಲು ಕುಡಿಸುತ್ತಿದ್ದರು. ಯಾವ ಹಾಲು ಅಂತ ಕೇಳಿದೆ. “ಡೈರಿಗೆ ಹಾಕೋ ಹಂಗಿಲ್ವಲ್ಲಪ್ಪ, ಕೆಟ್ಟ ಹಾಲು. ಚೆಲ್ಲಕ್ಕೆ ಮನಸ್ಸು ಬರಲ್ಲ, ಕರೂಗೆ ಕೊಡ್ತೀನಿ” ಅಂದರು.

ಅಜ್ಜಿಯ ಲೆಕ್ಕ ತಪ್ಪಲ್ಲ, ಹಾಲು ಚೆಲ್ಲುವುದು ಯಾರಿಗೆ ತಾನೇ ಇಷ್ಟ? ಆದರೆ ಚಿಕಿತ್ಸೆ ನಡೆಯುತ್ತಿರುವ ಹಸುವಿನ ಹಾಲಲ್ಲಿ ಔಷಧಿಯ ಉಳಿಕೆ ಇರುತ್ತದೆ, ರೋಗಾಣುವೂ ಇರುತ್ತದೆ. ಅದು ಕರುವಿನ ಕರುಳಿಗೆ ಹೋದರೆ ಬಗ್ಗದ ಬ್ಯಾಕ್ಟೀರಿಯಾಗಳಿಗೆ ನಾವೇ ಜಾಗ ಮಾಡಿಕೊಟ್ಟಂತೆ. ಕರು ಸಗಣಿ ಹಾಕುತ್ತದೆ, ಸಗಣಿ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ. ಕರುಳು, ತಿಪ್ಪೆ, ಗಂಜಲದ ಗುಂಡಿ, ಇವೆಲ್ಲ ನೂರಾರು ಜಾತಿ ಬ್ಯಾಕ್ಟೀರಿಯಾ ಸೇರುವ ಸಂತೆಗಳು. ಕೊಡು-ಕೊಳ್ಳುವುದು ನಡೆಯುವುದೇ ಇಲ್ಲಿ. ಮನೆಯಲ್ಲೇ ಹುಟ್ಟಿದ ಆ ಹಸು ಕರುವಾಗಿದ್ದಾಗ ಇಂಥ ಹಾಲು ಕುಡಿದಿತ್ತೋ ಏನೋ, ಈಗ ಯಾರಿಗೂ ನೆನಪಿಲ್ಲ.

ತೋಟದವರೂ ಓದಿ

“ನಮ್ಮದು ದಾಳಿಂಬೆ, ಹಸು ಇಲ್ಲ” ಅನ್ನುವವರಿಗೂ ಇದು ಸಂಬಂಧಪಟ್ಟದ್ದೇ. ದಾಳಿಂಬೆಯ ದುಂಡಾಣು ಅಂಗಮಾರಿಗೆ, ಭತ್ತದ ಎಲೆ ಅಂಗಮಾರಿಗೆ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಸೇರಿದ ಪುಡಿ ಸಿಂಪಡಿಸುವುದು ನಮ್ಮಲ್ಲಿ ರೂಢಿ. ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕ ಔಷಧಿ, ಮಣ್ಣಿನ ಸೂಕ್ಷ್ಮಜೀವಿಯೊಂದು ತಯಾರಿಸುವಂಥದ್ದು. ಮನುಷ್ಯರ ಕ್ಷಯರೋಗವನ್ನ ಮೊದಲು ಬಗ್ಗಿಸಿದ ಆ್ಯಂಟಿಬಯೋಟಿಕ್ ಅದೇ.

ಅಮೆರಿಕದ ಸೇಬು, ಪೇರ್ ತೋಟಗಳಲ್ಲಿ ಬೆಂಕಿ ರೋಗ ಎಂಬ ದುಂಡಾಣು ರೋಗಕ್ಕೆ ಇದನ್ನೇ ದಶಕಗಳ ಕಾಲ ಸಿಂಪಡಿಸಿದರು. ಮಿಶಿಗನ್ ರಾಜ್ಯದಲ್ಲಿ ಬಗ್ಗದ ರೋಗಾಣು ಸಿಕ್ಕಿತು. ಪರೀಕ್ಷಿಸಿದರೆ, ಅದರ ಪ್ಲಾಸ್ಮಿಡ್ ಮೇಲೆ ಒಂದು ಹಾರುವ ಜೀನ್, ಅದರೊಳಗೆ ಸ್ಟ್ರೆಪ್ಟೊಮೈಸಿನ್ ತಡೆಯುವ ಎರಡು ಜೀನ್. ಅದೇ ಜೋಡಿ ಜೀನ್ ಮನುಷ್ಯ, ದನಗಳ ಕರುಳಿನ ಬ್ಯಾಕ್ಟೀರಿಯಾಗಳಲ್ಲೂ ಸಿಗುತ್ತದೆ. ತೋಟ, ಕೊಟ್ಟಿಗೆ, ಆಸ್ಪತ್ರೆ ಅಂತ ನಾವು ಬೇಲಿ ಹಾಕಿಕೊಂಡಿದ್ದೇವೆ, ಈ ಜೀನ್‌ಗಳಿಗೆ ಬೇಲಿ ಇಲ್ಲ. ತಾಮ್ರ ತಡೆಯುವ ಜೀನ್‌ಗಳೂ ಪ್ಲಾಸ್ಮಿಡ್ ಮೇಲೆ ಓಡಾಡುತ್ತವೆ. ಹಾಗಾಗಿ ತಾಮ್ರದ ಔಷಧಿಯನ್ನೂ ಕಣ್ಣುಮುಚ್ಚಿ ಹೊಡೆಯಬೇಡಿ.

ಬೆಳೆಗಳಲ್ಲಿ ಈ ಎರಡು ಆ್ಯಂಟಿಬಯೋಟಿಕ್‌ಗಳ ಬಳಕೆಯನ್ನ ಹಂತ ಹಂತವಾಗಿ ನಿಲ್ಲಿಸಲು ಕೇಂದ್ರ ಕೃಷಿ ಇಲಾಖೆ 2021ರ ಡಿಸೆಂಬರ್‌ನಲ್ಲಿ ಕರಡು ಆದೇಶ ಹೊರಡಿಸಿತ್ತು. ಅಂಗಡಿಯವರು ಕೊಟ್ಟರು ಅಂತ ಸಿಂಪಡಿಸುವ ಮೊದಲು ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲೋ ತೋಟಗಾರಿಕೆ ಇಲಾಖೆಯಲ್ಲೋ ಈಗಿನ ನಿಯಮ ಕೇಳಿ.

ಕೊನೆಯ ಔಷಧಿಯ ಕಥೆ

ಕೊಲಿಸ್ಟಿನ್ ಅಂತ ಒಂದು ಹಳೆಯ ಆ್ಯಂಟಿಬಯೋಟಿಕ್ ಇದೆ. ಐಸಿಯುನಲ್ಲಿ ಬೇರೆ ಯಾವುದೂ ನಾಟದಾಗ ವೈದ್ಯರು ಕೈಹಾಕುವ ಕೊನೆಯ ಔಷಧಿಗಳಲ್ಲಿ ಒಂದು. ಇದನ್ನೇ ಎಷ್ಟೋ ದೇಶಗಳಲ್ಲಿ ಹಂದಿ, ಕೋಳಿ ಬೇಗ ತೂಕ ಬರಲಿ ಅಂತ ಆಹಾರಕ್ಕೆ ಬೆರೆಸುತ್ತಿದ್ದರು. 2015ರ ನವೆಂಬರ್‌ನಲ್ಲಿ ಚೀನಾದ ವಿಜ್ಞಾನಿಗಳು ಕೊಲಿಸ್ಟಿನ್ ತಡೆಯುವ ಜೀನೊಂದನ್ನ ಪ್ಲಾಸ್ಮಿಡ್ ಮೇಲೆ ಕಂಡದ್ದಾಗಿ ಪ್ರಕಟಿಸಿದರು. ಸಾಕಿದ ಹಂದಿಗಳಲ್ಲಿ, ಮಾರಾಟದ ಮಾಂಸದಲ್ಲಿ, ಆಸ್ಪತ್ರೆಯ ರೋಗಿಗಳಲ್ಲಿ, ಮೂರೂ ಕಡೆ ಅದು ಸಿಕ್ಕಿತ್ತು. ಹುಡುಕತೊಡಗಿದ ಮೇಲೆ ಬೇರೆ ಬೇರೆ ಖಂಡಗಳಲ್ಲೂ ಸಿಕ್ಕಿತು.

ಆಮೇಲೆ ಚೀನಾ 2017ರಲ್ಲಿ ಬೆಳವಣಿಗೆಗಾಗಿ ಆಹಾರಕ್ಕೆ ಕೊಲಿಸ್ಟಿನ್ ಬೆರೆಸುವುದನ್ನ ನಿಲ್ಲಿಸಿತು. ಮುಂದಿನ ಒಂದೆರಡು ವರ್ಷದಲ್ಲಿ ಹಂದಿಗಳಲ್ಲೂ ಜನರಲ್ಲೂ ಆ ಜೀನ್ ಸ್ಪಷ್ಟವಾಗಿ ಕಮ್ಮಿಯಾಯಿತು. ನಮ್ಮ ದೇಶದಲ್ಲೂ 2019ರ ಜುಲೈನಲ್ಲಿ, ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನುಗಳಿಗೆ ಕೊಲಿಸ್ಟಿನ್ ತಯಾರಿಸಿ ಮಾರುವುದನ್ನ ನಿಷೇಧಿಸಿದರು. ಬಳಕೆ ಇಳಿದರೆ ಹಂಚಿಕೆಯೂ ಇಳಿಯುತ್ತದೆ. ಪೂರ್ತಿ ಹೋಗುತ್ತದೆ ಅಂತ ಹೇಳಲಾರೆ, ಆದರೆ ಇಳಿಯುತ್ತದೆ. ಹಾಗಾಗಿ ನಮ್ಮ ಕೊಟ್ಟಿಗೆಯಲ್ಲಿ ಮಾಡುವುದು ವ್ಯರ್ಥ ಅಲ್ಲ.

ನಾಳೆಯಿಂದ ಏನು ಮಾಡಬೇಕು?

1. ಮೊದಲು ಸ್ಯಾಂಪಲ್, ಆಮೇಲೆ ಇಂಜೆಕ್ಷನ್. ಆ್ಯಂಟಿಬಯೋಟಿಕ್ ಕೊಡುವ ಮುಂಚೆಯೇ ಹಾಲಿನ ಸ್ಯಾಂಪಲ್ ತೆಗೆಸಿ. ತೊಟ್ಟು ತೊಳೆದು ಒರೆಸಿ, ಸ್ಪಿರಿಟ್ ಹತ್ತಿಯಲ್ಲಿ ಉಜ್ಜಿ, ಮೊದಲ ಮೂರ್ನಾಲ್ಕು ಧಾರೆ ಬಿಟ್ಟು, ಡಾಕ್ಟ್ರು ಕೊಟ್ಟ ಶುದ್ಧ ಟ್ಯೂಬಿಗೆ ಹಿಡಿದು, ಐಸ್‌ನಲ್ಲಿಟ್ಟು ಕಳಿಸಿ. ಹಸುವಿಗೆ ಜ್ವರ ಜೋರಿದ್ದರೆ, ಮೇವು ಬಿಟ್ಟಿದ್ದರೆ ರಿಪೋರ್ಟಿಗೆ ಕಾಯಲು ಆಗುವುದಿಲ್ಲ. ಆಗ ಸ್ಯಾಂಪಲ್ ತೆಗೆದುಕೊಂಡು ಡಾಕ್ಟ್ರು ತಕ್ಷಣ ಚಿಕಿತ್ಸೆ ಶುರು ಮಾಡುತ್ತಾರೆ, ರಿಪೋರ್ಟ್ ಬಂದ ಮೇಲೆ ಬೇಕಿದ್ದರೆ ಬದಲಿಸುತ್ತಾರೆ. ಹತ್ತಿರ ಯಾರೂ ಇಲ್ಲದಿದ್ದರೆ 1962ಕ್ಕೆ ಕರೆ ಮಾಡಿ.

2. ಹೇಳಿದಷ್ಟು ಪ್ರಮಾಣ, ಹೇಳಿದಷ್ಟು ದಿನ. ಊತ ಇಳಿಯಿತು ಅಂತ ನೀವೇ ನಿಲ್ಲಿಸಬೇಡಿ. ಉಳಿದ ಬಾಟಲಿಯನ್ನ ಇನ್ನೊಂದು ಹಸುವಿಗೆ ಎತ್ತಿಡಬೇಡಿ. ಪಕ್ಕದ ಮನೆಯವರಿಗೆ ನಾಟಿದ ಔಷಧಿ ನಿಮಗೂ ನಾಟುತ್ತದೆ ಅಂತಿಲ್ಲ.

3. ಚಿಕಿತ್ಸೆಯ ಹಾಲು ಡೈರಿಗೂ ಬೇಡ, ಕರುವಿಗೂ ಬೇಡ. ಔಷಧಿ ಚೀಟಿಯಲ್ಲಿ ಎಷ್ಟು ದಿನ ಹಾಲು ಬಿಡಬೇಕು ಅಂತ ಬರೆದಿರುತ್ತದೆ. ಫೋನಲ್ಲಿ ಫೋಟೊ ತೆಗೆದು, ಕೊನೆಯ ದಿನಕ್ಕೆ ರಿಮೈಂಡರ್ ಹಾಕಿಕೊಳ್ಳಿ. ಆ ಹಾಲನ್ನ ಚರಂಡಿಗೆ, ಕೆರೆ ಕಡೆಗೆ ಬಿಡಬೇಡಿ. ಬಾವಿ, ಬೋರ್‌ವೆಲ್‌ನಿಂದ ದೂರ ಗುಂಡಿ ತೋಡಿ ಹಾಕಿ ಮಣ್ಣು ಮುಚ್ಚಿ.

4. ರೋಗವೇ ಬರದ ಹಾಗೆ ನೋಡಿ. ಕೊಡದ ಔಷಧಿಯಿಂದ ನಿರೋಧಕತೆ ಬೆಳೆಯುವುದಿಲ್ಲ. ನೆಲ ಒಣಗಿರಲಿ. ಕರೆಯುವ ಮುಂಚೆ ಕೈ ತೊಳೆಯಿರಿ. ಕರೆದ ಮೇಲೆ ತೊಟ್ಟುಗಳನ್ನ ಅಯೋಡಿನ್ ದ್ರಾವಣದಲ್ಲಿ ಅದ್ದಿ. ಕರೆದ ಮೇಲೆ ಅರ್ಧ ಗಂಟೆ ಹಸು ಮಲಗದಿರಲಿ, ಮುಂದೆ ಮೇವು ಹಾಕಿದರೆ ಸಾಕು, ನಿಂತಿರುತ್ತದೆ. ಬಾವು ಇರುವ ಹಸುವನ್ನ ಕೊನೆಯಲ್ಲಿ ಕರೆಯಿರಿ.

5. ಬೇಗ ಹಿಡಿಯಿರಿ. ಸಿಎಂಟಿ ದ್ರಾವಣದ ಪರೀಕ್ಷೆಯಿಂದ ಹೊರಗೆ ಕಾಣದ ಬಾವೂ ಗೊತ್ತಾಗುತ್ತದೆ. ಶುರುವಿನಲ್ಲೇ ಸಿಕ್ಕರೆ ಲೋಳೆಸರ, ಅರಿಶಿನ, ಸುಣ್ಣದ ಲೇಪ ಹಚ್ಚುವ ಪದ್ಧತಿಯನ್ನ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೂ ಪ್ರಚಾರ ಮಾಡುತ್ತಿದೆ. ಮಾಡುವ ಕ್ರಮವನ್ನ ಡಾಕ್ಟ್ರ ಹತ್ತಿರ ಕೇಳಿಕೊಳ್ಳಿ. ಜ್ವರ ಇರುವ ಹಸುವಿಗೆ ಇದೊಂದನ್ನೇ ನಂಬಿ ಕೂರಬೇಡಿ.

6. ಹಸಿ ಸಗಣಿ, ಸ್ಲರಿ ನೇರವಾಗಿ ಸೊಪ್ಪು ತರಕಾರಿಗೆ ಬೇಡ. ತಿಪ್ಪೆ ಚೆನ್ನಾಗಿ ಕಾಯ್ದು ಕಳಿತರೆ ಅದರೊಳಗಿನ ರೋಗಾಣು ಬಹಳಷ್ಟು ಕಮ್ಮಿಯಾಗುತ್ತದೆ.

ನಾನೂ ಒಂದು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ರೈತ ಮತ್ತೆ ಫೋನ್ ಮಾಡಬಾರದು ಅಂತ ಮೊದಲ ದಿನವೇ ದೊಡ್ಡ ಇಂಜೆಕ್ಷನ್ ಬರೆಯುತ್ತಿದ್ದೆ. ಡಾಕ್ಟ್ರ ಕೈಗುಣ ಚೆನ್ನಾಗಿದೆ ಅಂತ ಹೆಸರೂ ಬಂತು. ಆ ಕೈಗುಣದ ಸಾಲವನ್ನ ಈಗ ಯಾವ್ಯಾವ ಕೊಟ್ಟಿಗೆಯವರು ತೀರಿಸುತ್ತಿದ್ದಾರೋ.

ಕೋಲಾರದ ಹಸುವಿನ ರಿಪೋರ್ಟಿನಲ್ಲಿ ಒಂದು ಔಷಧಿಯ ಮುಂದೆ ಎಸ್ ಇತ್ತು. ಅದನ್ನೇ ಪೂರ್ತಿ ಕೋರ್ಸ್ ಕೊಟ್ಟೆವು. ಹೆಸರು ಬೇಕಂತಲೇ ಬರೆದಿಲ್ಲ, ನಿಮ್ಮ ಹಸುವಿಗೆ ಅದು ಆರ್ ಇರಬಹುದು. ಹಸು ಉಳಿಯಿತು. ಹಿಂದಿನ ಎಡ ತೊಟ್ಟು ಬತ್ತಿಹೋಯಿತು, ಇನ್ನು ಅದರಲ್ಲಿ ಹಾಲು ಬರುವುದಿಲ್ಲ. ಈಗ ಮೂರು ತೊಟ್ಟಿನಲ್ಲಿ ಒಂಬತ್ತು ಲೀಟರ್ ಕೊಡುತ್ತಿದೆ.

ಮೊನ್ನೆ ಹುಡುಗನಿಂದ ಮತ್ತೆ ವಾಯ್ಸ್ ಮೆಸೇಜ್: “ಸಾರ್, ಎರಡನೇ ಹಸು ಸಿಎಂಟಿಯಲ್ಲಿ ಒಂದು ತೊಟ್ಟು ಸ್ವಲ್ಪ ಗಟ್ಟಿ ತೋರಿಸ್ತು. ಏನೂ ಕೊಟ್ಟಿಲ್ಲ. ಸ್ಯಾಂಪಲ್ ಹಿಡಿದು ಐಸಲ್ಲಿ ಇಟ್ಟಿದೀನಿ. ಯಾವಾಗ ಬರ್ತೀರಾ?”

ಮುಂದಿನ ವಾರ ಸಿಎಂಟಿ ಪರೀಕ್ಷೆಯನ್ನ ಮನೆಯಲ್ಲೇ ಮಾಡುವುದು ಹೇಗೆ ಅಂತ ಹಂತ ಹಂತವಾಗಿ ನೋಡೋಣ.